ಎರಡು ಕಾಲಿನ ಕುದುರೆಯನ್ನು ಕೇಳಿದವರು

ಕೇಳುಕೋಣೆ, ಹಟ್ಟಿ
ಹಟ್ಟಿ ವರ್ಷ ೯೭, ಧೂಳುಗಾಲದ ನೂರ ನಲವತ್ತೊಂದನೆಯ ದಿನ

ಕೊಪ್ಪಳದ ವಿಜಯಾ ಮಡಿವಾಳರ ಅವರಿಗೂ ಮೆಹಬೂಬಿ ನದಾಫ್ ಅವರಿಗೂ,

ಮೇಲಿನ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ, ಹುಡುಕಿ ಸುಸ್ತಾಗಬೇಡಿ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಮುನ್ನೂರ ಇಪ್ಪತ್ತರ ಆಸುಪಾಸು, ನಮ್ಮ ಒಂದು ವರ್ಷವೆಂದರೆ ನಿಮ್ಮ ಹತ್ತಿರ ಹತ್ತಿರ ಎರಡು ವರ್ಷ. ನಾನು ಕೂತಿರುವುದು ನಿಮ್ಮ ಆಕಾಶದಲ್ಲಿ ಕೆಂಪು ಚುಕ್ಕೆಯಾಗಿ ಕಾಣುವ ಮಂಗಳನ ಮೇಲೆ, ಹಟ್ಟಿ ಎಂಬ ಊರಿನಲ್ಲಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರ ಅನಿಸಬಹುದು, ಅದಕ್ಕೆ ಕ್ಷಮೆಯಿರಲಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ಇದು ನಿಮಗೆ ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ. ನಿಮ್ಮ ದನಿ ಮುನ್ನೂರು ವರ್ಷ ಮುಂದಕ್ಕೆ ಬಂದು ನಮ್ಮನ್ನು ಮುಟ್ಟಿದೆ. ನನ್ನದು ಅಷ್ಟೇ ದೂರ ಹಿಂದಕ್ಕೆ ಬರಲಾಗದು ಎಂದು ಹೇಳುವವರು ಬಂದು ನನ್ನೆದುರು ಹೇಳಲಿ.

ನಾನು ಕಾಶವ್ವನ ದುಂಡವ್ವ. ಇಲ್ಲಿ ನಾವು ತಾಯಿಯ ಹೆಸರನ್ನು ಮುಂದಿಟ್ಟುಕೊಳ್ಳುತ್ತೇವೆ. ನಿಮ್ಮ ಎಣಿಕೆಯಲ್ಲಿ ನನಗೆ ಅರವತ್ತೊಂದು. ನೀವು ನನಗಿಂತ ಎಷ್ಟೋ ತಲೆಮಾರು ಹಿರಿಯರು, ಆದರೆ ನನ್ನ ಕಿವಿಯಲ್ಲಿ ನಿಮಗೆ ಯಾವತ್ತೂ ಮೂವತ್ತು ದಾಟಿಲ್ಲ. ಹಾಗಾಗಿ ಅಜ್ಜಿ ಎನ್ನಲು ನಾಲಿಗೆ ಹೊರಳುವುದಿಲ್ಲ, ತಂಗಿ ಎನ್ನಲು ಧೈರ್ಯವಿಲ್ಲ. ಅಕ್ಕ ಎನ್ನುತ್ತೇನೆ, ನಡುವೆ ಎಲ್ಲೋ ಒಂದು ಕಡೆ ನಿಲ್ಲೋಣ. ನಾನು ಕೇಳುಕೋಣೆಯ ಕಾವಲುಗಾರ್ತಿ. ನೀವು ಮಾಡಿದ ಶ್ರವ್ಯನಾಟಕವನ್ನೂ ಅದನ್ನು ಕೇಳಿದವರ ಮಾತುಗಳನ್ನೂ ಕಾಯುವುದು ನನ್ನ ಕೆಲಸ. ನಾಡಿದ್ದು ಮೂರು ಜನ ಅಧಿಕಾರಿಗಳು ಬರುತ್ತಾರೆ. ನಿಮ್ಮ ನಾಟಕ ಇರಲಿ, ಕೇಳಿದವರ ಮಾತುಗಳನ್ನು ಅಳಿಸಿಹಾಕು ಎನ್ನುವುದು ಅವರ ಆಜ್ಞೆ. ಆ ಮಾತುಗಳಲ್ಲಿ ನನ್ನ ಅವ್ವನದೂ ಒಂದು. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

ಕೌಬಾಯ್ ಟೋಪಿ ಹಾಕಿದ ಷೆರಿಫ್, ಮರುಭೂಮಿಯ ನಡುವೆ ಒಂಟಿಬಂಡೆ ಎಂಬ ಊರು, ಆಕಾಶದಿಂದ ಇಳಿದು ಬಂದು ಊರಿನ ಒಂದೇ ಬಾವಿಗೆ ಬೀಗ ಹಾಕುವ ಲೋಹದ ದರೋಡೆಕೋರ, ಬೀಗದ ಕೈ ತರಲು ನಾಲ್ಕು ಹಗಲು ಕುದುರೆಯ ಮೇಲೆ ಹೋಗುವ ಷೆರಿಫ್ ರೋಸಿ. ಇದನ್ನು ನೀವು ಗಾದಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸುತ್ತ ಗಾದಿಗಳನ್ನು ನಿಲ್ಲಿಸಿಕೊಂಡು, ಆರು ಕಂತುಗಳಲ್ಲಿ ಮಾಡಿದಿರಿ. ವಿಜಯಕ್ಕ ಬರೆದು ರೋಸಿಯಾದರು, ದರೋಡೆಕೋರನೂ ಆದರು. ಮಿಕ್ಕಿದ್ದೆಲ್ಲ ಮೆಹಬೂಬಕ್ಕ. ಗಾಳಿ, ಬಂದೂಕು, ಬಾಗಿಲು, ಕುದುರೆ ಎಲ್ಲ ಅವರ ಕೈಯಿಂದಲೇ ಬಂದವು. ಇದೆಲ್ಲ ನನಗೆ ಗೊತ್ತಿರುವುದು ನಿಮ್ಮ ಏಳನೆಯ ಕಂತಿನಿಂದ. ಆರರೊಳಗೆ ಕತೆ ಮುಗಿದಿತ್ತು. ಏಳನೆಯದರಲ್ಲಿ ನೀವು ಕೇಳುಗರು ಬರೆದದ್ದನ್ನು ಓದಿದಿರಿ. ಒಬ್ಬರು ಕೊಪ್ಪಳದಾಗ ಕೌಬಾಯ್ ಏನ ಮಾಡತಾನ್ರೀ, ದಾರಿ ತಪ್ಪಿ ಬಂದಾನೇನು ಎಂದು ಕೇಳಿದ್ದರು. ಇನ್ನೊಬ್ಬರಿಗೆ ಕನ್ನಡದ ಮಾನ ಹೋಗಿತ್ತು. ಮತ್ತೊಬ್ಬರಿಗೆ ಕುದುರೆಯ ಸದ್ದು ಅಡುಗೆಮನೆಯಿಂದ ಬಂದ ಹಾಗಿತ್ತು. ಆಸ್ಪತ್ರೆಯ ಆಯಾ ಒಬ್ಬಳು ಮಾತ್ರ ನಾಲ್ಕನೆಯ ಕಂತಿನಲ್ಲಿ ನೀರು ಮುಗಿದಾಗ ತಾನೂ ಎದ್ದು ನೀರು ಕುಡಿದೆ ಎಂದು ಬರೆದಿದ್ದಳು. ಬೈಗುಳ ಹೆಚ್ಚು, ಹೊಗಳಿಕೆ ಕಡಿಮೆ. ವಿಜಯಕ್ಕ ಎಲ್ಲವನ್ನೂ ಒಂದೇ ದನಿಯಲ್ಲಿ ಓದಿದರು, ಒಂದನ್ನೂ ಬಿಡಲಿಲ್ಲ. ಕೊನೆಗೆ ಅವರು ಹೇಳಿದ ಮಾತು ನನಗೆ ಬಾಯಿಪಾಠ: ಕೇಳಿದವ್ರು ಸುಮ್ನ ಎದ್ದು ಹೋಗಬ್ಯಾಡ್ರಿ, ಬೈದ್ರೂ ಅಡ್ಡಿಯಿಲ್ಲ, ಏನರ ಒಂದು ಅಂದು ಹೋಗ್ರಿ.

ಅಕ್ಕ, ನೀವು ಅದನ್ನು ಸಿಟ್ಟಿನಲ್ಲಿ ಹೇಳಿದಿರೋ ನಗುತ್ತ ಹೇಳಿದಿರೋ ನಮ್ಮಲ್ಲಿ ಇನ್ನೂ ಜಗಳವಿದೆ. ನಮ್ಮವರು ಅದನ್ನು ಕಾನೂನು ಮಾಡಿಕೊಂಡರು. ಹಟ್ಟಿಗೆ ಬಂದಿಳಿದ ಮೊದಲ ವಾರವೇ ಚಿತ್ರಗಳೂ ಪುಸ್ತಕಗಳೂ ಇದ್ದ ಉಗ್ರಾಣಕ್ಕೆ ಬೆಂಕಿ ಬಿತ್ತು. ಆಮೇಲೆ ಭೂಮಿಯ ಜೊತೆ ಮಾತುಕತೆಯೂ ಕಡಿಯಿತು. ಬೆಸುಗೆ ಕೆಲಸದ ಹನುಮವ್ವನ ಜೇಬಿನ ಯಂತ್ರದಲ್ಲಿ ನಿಮ್ಮ ಏಳು ಕಂತು ಮಾತ್ರ ಉಳಿದಿತ್ತು. ಅದನ್ನಿಟ್ಟುಕೊಂಡು ಕಟ್ಟಿದ್ದೇ ಕೇಳುಕೋಣೆ. ಹನ್ನೆರಡು ತುಂಬಿದ ಯಾರೇ ಆದರೂ ಒಬ್ಬರೇ ಒಳಗೆ ಹೋಗಬೇಕು. ದಿನಕ್ಕೆ ಒಂದಿಷ್ಟರಂತೆ ಏಳು ಕಂತನ್ನೂ ಕೇಳಬೇಕು, ಆಮೇಲೆ ತಮಗಿಂತ ಮೊದಲು ಕೇಳಿದವರೆಲ್ಲರ ಮಾತು ಕೇಳಬೇಕು. ಕೊನೆಗೆ ತಮ್ಮದೊಂದು ಮಾತು ಸೇರಿಸಬೇಕು. ಇದಕ್ಕೆ ನಾವು ಮರುಮಾತು ಎನ್ನುತ್ತೇವೆ. ಕೊನೆಯ ದಿನ ಮರುಮಾತು ಆಡದೆ ಬಾಗಿಲು ತೆರೆಯುವುದಿಲ್ಲ, ಮಂತ್ರಿಯಾದರೂ ಅಷ್ಟೇ, ಮದುಮಗಳಾದರೂ ಅಷ್ಟೇ. ಈವರೆಗೆ ಸಾವಿರದ ಮುನ್ನೂರ ಎಂಬತ್ತೇಳು ಮರುಮಾತುಗಳಾಗಿವೆ. ಎಲ್ಲ ಕೇಳಿ ಮುಗಿಸಲು ಹದಿನೈದು ತಾಸು ಬೇಕು.

ಈಗ ನಮ್ಮ ತಪ್ಪಿಗೆ ಬರುತ್ತೇನೆ. ನಮ್ಮ ತಪ್ಪು ಸಣ್ಣದಲ್ಲ. ಇಲ್ಲಿ ಯಾರೂ ಕುದುರೆಯನ್ನು ನೋಡಿಲ್ಲ. ಭೂಮಿಯಿಂದ ಬಂದ ಮೊದಲ ತಲೆಮಾರಿನವರು ನೋಡಿದ್ದರು, ನಿಜ. ಆದರೆ ಎಲ್ಲರಿಗೂ ಗೊತ್ತಿರುವುದನ್ನು ಯಾರು ಬಾಯಿಬಿಟ್ಟು ಹೇಳುತ್ತಾರೆ? ಅವರ ಮರುಮಾತುಗಳಲ್ಲಿ ರೋಸಿಯ ಧೈರ್ಯವಿದೆ, ಕೊಪ್ಪಳದ ನೆನಪಿದೆ, ಊರಿನ ಬಿಸಿಲಿನ ಮೇಲೆ ಆಸೆಯಿದೆ. ಕುದುರೆಗೆ ಎಷ್ಟು ಕಾಲು ಎಂಬುದು ಮಾತ್ರ ಇಲ್ಲ. ಹನ್ನೊಂದನೆಯ ವರ್ಷ ಧೂಳುಜ್ವರ ಬಂದು ಅವರಲ್ಲಿ ಬಹುಪಾಲು ಜನರನ್ನು ಕರೆದುಕೊಂಡು ಹೋಯಿತು. ಉಳಿದವರು ಇಲ್ಲೇ ಹುಟ್ಟಿದ ಎಳೆಯರು. ಅವರಿಗೆ ಕುದುರೆಯೆಂದರೆ ನಿಮ್ಮ ಸದ್ದು. ಮೆಹಬೂಬಕ್ಕ, ನೀವು ಎರಡು ಕೈಯಲ್ಲಿ ಎರಡು ಕರಟ ಹಿಡಿದು ಟಕ್ ಟಕ್, ಟಕ್ ಟಕ್ ಎಂದು ಬಡಿದಿರಿ. ಅವರು ಕಣ್ಣು ಮುಚ್ಚಿ ಎಣಿಸಿದರು. ಎರಡು ಕಾಲು ಎಂದರು.

ಅಲ್ಲಿಂದ ಶುರುವಾಯಿತು ನೋಡಿ. ಮೂವತ್ತೊಂದನೆಯ ವರ್ಷ ಒಬ್ಬ ಎಂಜಿನಿಯರ್ ಮರುಮಾತಿನಲ್ಲಿ, ಬೆನ್ನ ಮೇಲೆ ಆಳು ಕೂತರ ಎರಡ ಕಾಲಿನ ಪ್ರಾಣಿ ಮುಗ್ಗರಿಸಿ ಬೀಳತೈತಿ, ಇದು ಸುಳ್ಳು ಕತಿ ಎಂದು ತೀರ್ಪು ಕೊಟ್ಟ. ಅವನಾದ ಮೇಲೆ ಇಪ್ಪತ್ತನೆಯವಳಾಗಿ ಬಂದ ಸೂಲಗಿತ್ತಿ, ನಾ ಎರಡ ಕಾಲಾಗ ನಿಂತು ಅವಳಿ ಜವಳಿ ಎತ್ತಿಕೊಂಡೀನಿ, ಬಿದ್ದಿಲ್ಲ, ಎಂಜಿನಿಯರ್ ಸಾಹೇಬ್ರು ಬೇಕಂದ್ರ ಬಂದು ನೋಡಲಿ ಎಂದಳು. ಆ ಹೊತ್ತಿಗೆ ಅವನು ಸತ್ತು ನಾಲ್ಕು ವರ್ಷವಾಗಿತ್ತು. ಆದರೂ ಜಗಳ ನಿಲ್ಲಲಿಲ್ಲ, ಅವನ ಕಡೆಯವರು ಅವಳಿಗೆ ಉತ್ತರ ಕೊಟ್ಟರು, ಅವಳ ಮೊಮ್ಮಕ್ಕಳು ಅವರಿಗೆ. ನಮ್ಮ ಗಾಳಿಬಾಗಿಲಿನ ಹತ್ತಿರ, ಎಂದರೆ ಊರಿನಿಂದ ಹೊರಗಿನ ಧೂಳಿಗೆ ದಾಟುವ ಜೋಡಿ ಬಾಗಿಲಿನ ಹತ್ತಿರ, ತಗಡಿನ ಕುದುರೆಯೊಂದಿದೆ. ಎರಡು ಕಾಲಿನ ಮೇಲೆ ನಿಲ್ಲಿಸಿದರೆ ಅದು ಪ್ರತಿ ಸಲವೂ ಮೂತಿ ಅಡಿಯಾಗಿ ಬೀಳುತ್ತಿತ್ತು. ಕೊನೆಗೆ ಬಾಲವನ್ನು ಉದ್ದ ಮಾಡಿ ನೆಲಕ್ಕೆ ಊರಿಸಿದರು. ಹೊರಗೆ ಕೆಲಸಕ್ಕೆ ಹೋಗುವವರು ಅದರ ಮೂತಿ ಸವರಿ ಹೋಗುತ್ತಾರೆ, ಸವರಿ ಸವರಿ ಅಲ್ಲಿ ಬಣ್ಣವೇ ಉಳಿದಿಲ್ಲ. ನೀವು ನಗಬಹುದು. ನಗಿ, ನಾವೂ ನಗುತ್ತೇವೆ.

ನನ್ನ ಅವ್ವ ಕಾಶವ್ವ ಕೇಳುಕೋಣೆಗೆ ಹೋದದ್ದು ತಡವಾಗಿ. ಅವಳು ಗಾಳಿಮನೆಯಲ್ಲಿ ಕೆಲಸ ಮಾಡುತ್ತಿದ್ದಳು, ಊರಿಗೆಲ್ಲ ಉಸಿರಾಡುವ ಗಾಳಿ ತಯಾರಾಗುವ ಜಾಗ ಅದು. ಪುರುಸೊತ್ತು ಸಿಕ್ಕಿದ್ದು ಅರವತ್ತೇಳನೆಯ ವರ್ಷ, ನನಗೆ ನಿಮ್ಮ ಎಣಿಕೆಯ ನಾಲ್ಕು ವರ್ಷವಾಗಿದ್ದಾಗ. ಅದೇ ವಾರ ಗಾಳಿಮನೆಯ ದೊಡ್ಡ ಕವಾಟ ಒಡೆಯಿತು. ಬದಲಿ ಕವಾಟ ಇದ್ದದ್ದು ಉತ್ತರಗುಂಡಿ ಎಂಬ ಊರಿನಲ್ಲಿ. ಧೂಳು ಕವಿದು ಸುದ್ದಿ ಕಳಿಸುವ ಕಂಬ ಸತ್ತಿತ್ತು, ಇದ್ದ ಎರಡೂ ಬಂಡಿಗಳು ಕೆಟ್ಟು ಕೂತಿದ್ದವು. ಊರಿನಲ್ಲಿ ಹನ್ನೆರಡು ದಿನದ ಗಾಳಿ ಉಳಿದಿತ್ತು. ಉತ್ತರಗುಂಡಿಗೆ ನಾಲ್ಕು ಹಗಲಿನ ದಾರಿ, ನಡೆದು ಹೋದವರು ಅದುವರೆಗೆ ಯಾರೂ ಇರಲಿಲ್ಲ. ಪಂಚಾಯಿತಿ ಕೂತು ಯೋಚಿಸುತ್ತಿತ್ತು. ಅವ್ವ ಕೇಳುಕೋಣೆಯಲ್ಲಿ ಕೊನೆಯ ಸರದಿಯಲ್ಲಿದ್ದಳು. ಅವಳ ಮರುಮಾತು ಮೂವತ್ತೆಂಟು ಸೆಕೆಂಡಿನದು. ಅದನ್ನು ಇದ್ದ ಹಾಗೆ ಬರೆಯುತ್ತೇನೆ.

ರೋಸಿ ಬಗ್ಗೆ ಎಲ್ಲಾರೂ ಹೇಳ್ಯಾರ, ನಾ ಹೇಳಂಗಿಲ್ಲ. ನನಗ ಆ ಕುದರಿ ಸೇರ್ತು. ಎರಡ ಕಾಲು. ಬೆನ್ನಮ್ಯಾಲ ಒಬ್ಬಾಕಿ ಬ್ಯಾರೆ. ನೀರಿಲ್ಲ, ನೆಳ್ಳಿಲ್ಲ, ನಾಕ ದಿನ ಓಡೇತಿ. ಅದರಪ್ಪನಂಥ ಎರಡ ಕಾಲು ನನಗೂ ಅದಾವು. ನಾ ಹೊಂಟೆ. ದುಂಡಿ ಎದ್ರ ಅಕಿಗೆ ಗಂಜಿ ಕುಡಸ್ರಿ, ಉಪ್ಪು ಜಾಸ್ತಿ ಹಾಕಬ್ಯಾಡ್ರಿ.

ಅವಳು ಹೋದಳು. ಗಾಳಿ ತುಂಬಿದ ಉರುಳೆಗಳನ್ನು ತಗಡಿನ ಮೇಲೆ ಹೇರಿ, ಹಗ್ಗ ಸೊಂಟಕ್ಕೆ ಕಟ್ಟಿ ಎಳೆದುಕೊಂಡು, ಐದನೆಯ ದಿನ ಬೆಳಿಗ್ಗೆ ಉತ್ತರಗುಂಡಿ ಮುಟ್ಟಿದಳು. ಅಲ್ಲಿಯ ಬಂಡಿ ಕವಾಟ ತಂದಿತು. ಹಟ್ಟಿಯ ನಾನೂರು ಜನ ಉಸಿರಾಡಿದರು. ಅವ್ವನ ಎದೆಯಲ್ಲಿ ಧೂಳು ಕೂತಿತ್ತು, ಹನ್ನೊಂದು ದಿನ ಅಲ್ಲೇ ಮಲಗಿದ್ದು ಅಲ್ಲೇ ಹೋದಳು. ನನಗೆ ಅವಳ ಮುಖ ನೆನಪಿಲ್ಲ. ಆ ಮೂವತ್ತೆಂಟು ಸೆಕೆಂಡು ಇದೆ. ನಾನು ಈ ಕೆಲಸಕ್ಕೆ ಸೇರಿದ್ದು ಅದಕ್ಕಾಗಿಯೇ. ದೊಡ್ಡ ಆದರ್ಶವೇನೂ ಇರಲಿಲ್ಲ. ದಿನವೂ ಕೇಳಬಹುದು ಎಂಬ ಆಸೆ, ಅಷ್ಟೇ.

ಹತ್ತು ವರ್ಷದ ಹಿಂದೆ ಭೂಮಿಯ ಜೊತೆ ಮತ್ತೆ ಮಾತುಕತೆ ಶುರುವಾಯಿತು. ಚಿತ್ರಗಳು, ಪುಸ್ತಕಗಳು, ಸದ್ದುಗಳು ರಾಶಿರಾಶಿಯಾಗಿ ಬಂದವು. ಒಳ್ಳೆಯದೇ ಆಯಿತು, ಹಟ್ಟಿಯವರೆಗೆ ಬಂದದ್ದರಲ್ಲಿ ಕುದುರೆ ಮಾತ್ರ ಇರಲಿಲ್ಲ. ಅವುಗಳ ಹಿಂದೆಯೇ ತಿದ್ದುಮಂಡಳಿಯೂ ಬಂತು. ಕಳೆದು ಹೋದ ಕಾಲದಲ್ಲಿ ನಾವು ಕಲಿತ ತಪ್ಪುಗಳನ್ನು ಹುಡುಕಿ ಸರಿಮಾಡಲು ಮಂಗಳನ ದೊಡ್ಡ ಊರಾದ ನಡುಪಟ್ಟಣದಲ್ಲಿ ಕಟ್ಟಿದ ಕಚೇರಿ ಅದು. ಹೋದ ತಿಂಗಳು ಅವರ ಕಡೆಯಿಂದ ಪ್ರಭಂಜನ ಎಂಬ ಅಧಿಕಾರಿ ಹಟ್ಟಿಗೆ ಬಂದ. ಸಭೆ ಕರೆದು ಗೋಡೆಯ ಮೇಲೆ ಕುದುರೆಯ ಚಿತ್ರ ಬಿಟ್ಟ. ನಾಲ್ಕು ಕಾಲು. ಮಕ್ಕಳು ಬಿದ್ದು ಬಿದ್ದು ನಕ್ಕವು. ನಾನು ಅತ್ತೆ, ಯಾಕೆಂದರೆ ಅದು ಅಷ್ಟು ಚೆಂದವಿತ್ತು. ಕುತ್ತಿಗೆಯ ಕೂದಲು ಗಾಳಿಗೆ ಹಾರುತ್ತಿತ್ತು. ಆ ಕೂದಲಿನ ಸುದ್ದಿ ನಮಗೆ ಯಾರೂ ಹೇಳಿರಲಿಲ್ಲ. ಸದ್ದಿನಲ್ಲಿ ಕೂದಲು ಕೇಳಿಸುವುದಿಲ್ಲವಲ್ಲ.

ಆಮೇಲೆ ಅವನು ಆಜ್ಞೆ ಓದಿದ. ನಿಮ್ಮ ನಾಟಕಕ್ಕೆ ನಿಜವಾದ ಕುದುರೆಯ ಸದ್ದು ಜೋಡಿಸಿ ಹೊಸ ಪ್ರತಿ ಮಾಡಿದ್ದಾರಂತೆ. ಇನ್ನು ಮುಂದೆ ಅದೇ ಕೇಳಬೇಕಂತೆ. ಮೆಹಬೂಬಕ್ಕನ ಕರಟ ತೆಗೆದು ಹಾಕಿದ್ದಾರೆ. ಏಳನೆಯ ಕಂತು ಕತೆಯಲ್ಲ, ಅದನ್ನೂ ಕೈಬಿಟ್ಟಿದ್ದಾರೆ. ಮರುಮಾತುಗಳಲ್ಲಿ ತಪ್ಪು ಮಾಹಿತಿ ತುಂಬಿದೆ, ಮಕ್ಕಳ ತಲೆ ಕೆಡುತ್ತದೆ, ಆದ್ದರಿಂದ ಅಳಿಸುವುದು. ಅಳಿಸಲು ಕಾವಲುಗಾರ್ತಿಯ ಹೆಬ್ಬೆರಳಿನ ಗುರುತು ಬೇಕು, ಹನುಮವ್ವ ಯಂತ್ರವನ್ನು ಹಾಗೆ ಕಟ್ಟಿದ್ದಾಳೆ. ಬಲವಂತದಿಂದ ಒತ್ತಿಸಿದರೆ ನಡೆಯುವುದಿಲ್ಲ, ನಾನಾಗಿಯೇ ಒತ್ತಬೇಕು, ನಾನಾಗಿಯೇ ಬಿಟ್ಟುಕೊಡದೆ ಬೇರೆಯವರ ಹೆಬ್ಬೆರಳೂ ನಡೆಯುವುದಿಲ್ಲ. ಪ್ರಭಂಜನ ಕೆಟ್ಟವನಲ್ಲ. ನನ್ನನ್ನು ದುಂಡವ್ವನವರೇ ಎಂದೇ ಕರೆದ, ಕುರ್ಚಿ ಕೊಟ್ಟ. ತಪ್ಪನ್ನು ತಿದ್ದುವುದು ತಪ್ಪೇ ಎಂದು ಕೇಳಿದ. ಅಲ್ಲ ಎಂದೆ. ಹಾಗಾದರೆ ಎಂದ. ಅಳಿಸುವುದನ್ನು ಮೊದಲು ಕೇಳು, ಕೇಳದೆ ಅಳಿಸುವ ಪದ್ಧತಿ ನಡುಪಟ್ಟಣದಲ್ಲಿ ಇದ್ದರೆ ಇರಲಿ, ಇಲ್ಲಿ ಇಲ್ಲ ಎಂದೆ.

ಮರ್ಯಾದಸ್ಥ, ಒಪ್ಪಿದ. ಒಂಬತ್ತು ದಿನ ಕೇಳಿದ. ಮೊದಲ ಎರಡು ದಿನ ಹೊರಗೆ ಬಂದು, ತಗ್ಗಿದ ದನಿಯಲ್ಲಿ, ರೋಸಿ ಕೊನೆಗೆ ಬದುಕುತ್ತಾಳಾ ಎಂದು ಅಡುಗೆಯವರನ್ನು ವಿಚಾರಿಸಿದನಂತೆ. ಅವರು ಹೇಳಲಿಲ್ಲ. ಮೂರನೆಯ ದಿನದಿಂದ ಊಟಕ್ಕೆ ಕರೆದರೂ ತಡವಾಗಿ ಬರುತ್ತಿದ್ದ. ಸೂಲಗಿತ್ತಿಯ ಮಾತು ಕೇಳಿದ ದಿನ ಅವನು ಒಳಗೆ ನಗುವುದು ಹೊರಗಿನ ಬೆಂಚಿಗೂ ಕೇಳಿಸಿತು. ಒಂಬತ್ತನೆಯ ದಿನ ಎಲ್ಲ ಮುಗಿದ ಮೇಲೆ ಅವನೂ ಬಾಗಿಲ ಮುಂದೆ ನಿಂತ. ಮರುಮಾತು ಆಡದೆ ಬಾಗಿಲು ತೆರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು, ಆದರೆ ಅದು ತನಗೂ ಅನ್ವಯಿಸುತ್ತದೆ ಎಂದು ಹೊಳೆದಿರಲಿಲ್ಲವೇನೋ. ನಾನು ಅಧಿಕಾರಿ, ಬಾಗಿಲು ತೆಗೆಯಿರಿ ಎಂದು ಒಂದು ಸಲ ಕೂಗಿದ. ನಾನು ಬೆಂಚಿನ ಮೇಲೆ ಕೂತು ಅವರೆಕಾಳು ಸುಲಿಯುತ್ತಿದ್ದೆ, ಸುಲಿಯುತ್ತಲೇ ಇದ್ದೆ. ಎರಡು ತಾಸಾಯಿತು. ಆಮೇಲೆ ಮಾತಾಡಿದ. ಸಾವಿರದ ಮುನ್ನೂರ ಎಂಬತ್ತೇಳನೆಯ ಮರುಮಾತು ಅವನದು. ಕುದುರೆಗೆ ನಾಲ್ಕು ಕಾಲು, ಇದು ಸತ್ಯ, ನನ್ನ ಮಾತನ್ನು ಎಲ್ಲರೂ ನೆನಪಿಡಬೇಕು ಎಂದು ಶುರು ಮಾಡಿದ. ಮತ್ತೆ, ಕಾಶವ್ವ ಹೋದ ದಾರಿ ಎಷ್ಟು ಕಿಲೋಮೀಟರ್ ಎಂದು ಯಾರಿಗಾದರೂ ಗೊತ್ತಿದ್ದರೆ ನನ್ನ ನಂತರ ಬರುವವರು ಹೇಳಿ ಎಂದ.

ಬಾಗಿಲು ತೆರೆದುಕೊಂಡಿತು. ಅವನು ಹೊರಗೆ ಬಂದು ಕಣ್ಣೊರೆಸಿಕೊಂಡ. ಆಜ್ಞೆ ಬದಲಾಗುವುದಿಲ್ಲ, ತನ್ನ ಕೈಯಲ್ಲಿಲ್ಲ ಎಂದ. ನಡುಪಟ್ಟಣಕ್ಕೆ ಹೋಗಿ ವರದಿ ಕೊಟ್ಟ. ಆ ವರದಿಯ ಮೇಲೆಯೇ ನಾಡಿದ್ದು ಮೂರು ಜನ ಬರುತ್ತಿರುವುದು. ಒತ್ತದಿದ್ದರೆ ನನ್ನನ್ನು ಕೆಲಸದಿಂದ ತೆಗೆದು ಉತ್ತರಗುಂಡಿಗೆ ಕಳಿಸುತ್ತಾರಂತೆ. ಕೇಳುಕೋಣೆಗೆ ಮತ್ತೆ ಕಾಲಿಡಲು ಬಿಡುವುದಿಲ್ಲವಂತೆ. ಹಾಗಾದರೆ ಅವ್ವನ ಮಾತು ಇಲ್ಲಿರುತ್ತದೆ, ನನಗೆ ಕೇಳಿಸುವುದಿಲ್ಲ. ಒತ್ತಿದರೆ ನಾನು ಇಲ್ಲೇ ಇರುತ್ತೇನೆ, ಅವ್ವನ ಮಾತು ಇರುವುದಿಲ್ಲ. ಇದನ್ನು ಆಯ್ಕೆ ಎಂದು ಕರೆದು ಕಾಗದ ಕಳಿಸಿದ್ದಾರೆ. ಅದಕ್ಕೆ ಸಹಿ ಹಾಕಿ ಕಳಿಸಬೇಕಂತೆ, ಕಾಗದ ತಲುಪಿದೆ ಎಂದು. ಹಾಕಲಿಲ್ಲ.

ಅಕ್ಕ, ನಾವು ದಡ್ಡರಲ್ಲ. ಕುದುರೆಗೆ ನಾಲ್ಕು ಕಾಲು, ಒಪ್ಪಿದ್ದೇವೆ. ಶಾಲೆಯಲ್ಲಿ ಈಗ ಹಾಗೆಯೇ ಕಲಿಸುತ್ತೇವೆ. ಆದರೆ ನಾಲ್ಕು ಕಾಲು ಎಂದು ಹೇಳುವವರು ಪ್ರಭಂಜನನ ಹಾಗೆ ಒಳಗೆ ಬಂದು, ಎಲ್ಲರ ಮಾತು ಕೇಳಿ, ಸಾಲಿನ ಕೊನೆಯಲ್ಲಿ ನಿಂತು ಹೇಳಲಿ. ಮುಂದಿನವರು ಅದನ್ನೂ ಕೇಳುತ್ತಾರೆ. ನಮ್ಮ ಅಜ್ಜಂದಿರ ಮೂರ್ಖತನವನ್ನೂ ಅವರ ಜಗಳವನ್ನೂ ಕೇಳಿ, ಸತ್ಯ ತಿಳಿದು, ಹೊರಗೆ ಬರುತ್ತಾರೆ. ನಮ್ಮ ಮಕ್ಕಳ ತಲೆ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಒಬ್ಬ ಹೆಂಗಸು ಇಲ್ಲದ ಕುದುರೆಯನ್ನು ನಂಬಿ ನಡೆದಳು. ಕುದುರೆ ಇರಲಿಲ್ಲ ಎಂದ ಮಾತ್ರಕ್ಕೆ ಅವಳು ನಡೆದದ್ದು ಸುಳ್ಳಾಗುವುದಿಲ್ಲ. ನಾನೂರು ಜನ ಉಸಿರಾಡಿದ್ದೂ ಸುಳ್ಳಾಗುವುದಿಲ್ಲ. ಅದನ್ನು ತಪ್ಪು ಮಾಹಿತಿ ಎಂದು ಬರೆದವರ ಮೇಲೆ ನನಗೆ ಕೋಪವಿದೆ. ಮುಚ್ಚಿಡುವಂಥ ಕೋಪವಲ್ಲ, ಅವರ ಮುಖದ ಮೇಲೆಯೇ ಹೇಳುವಂಥದ್ದು, ಹೇಳುತ್ತೇನೆ.

ನಿಮ್ಮಲ್ಲಿ ಒಂದು ಕೋರಿಕೆ. ಏಳನೆಯ ಕಂತಿನ ಕೊನೆಗೆ, ವಿಜಯಕ್ಕ ಮಾತು ಮುಗಿಸಿದ ಮೇಲೆ, ಯಂತ್ರ ಆರಿಸುವ ಮುಂಚೆ, ಮೆಹಬೂಬಕ್ಕ ದೂರದಲ್ಲಿ ಮೆಲ್ಲಗೆ ಹೇಳಿದ್ದು ನಮಗೆ ಕೇಳಿಸುತ್ತದೆ. ಸಾಕ್ ಬಿಡ ವಿಜಿ, ಬೈಸ್ಕೊಂಡು ಯಾಕ ಇಟ್ಕೊಳ್ಳೋದು, ಈ ಕಂತು ತಗದ್ಹಾಕು ಎಂದಿರಿ. ವಿಜಯಕ್ಕ ಏನು ಉತ್ತರ ಕೊಟ್ಟರೋ ಅಷ್ಟರಲ್ಲಿ ಸದ್ದು ನಿಂತಿದೆ. ಈ ಕಾಗದ ಆ ದಿನ ನಿಮ್ಮ ಕೈ ಸೇರಿದರೆ, ತೆಗೆದು ಹಾಕಬೇಡಿ. ಕೊಪ್ಪಳದಲ್ಲಿ ಕೌಬಾಯ್ ಏನು ಮಾಡುತ್ತಾನೆ ಎಂದು ಕೇಳಿದವರ ಮಾತನ್ನೂ ಇಟ್ಟುಕೊಳ್ಳಿ. ಅವರಿಗೆ ಉತ್ತರ ನಾವು ಕೊಡುತ್ತೇವೆ. ಅಡುಗೆಮನೆಯ ಸದ್ದು ಎಂದವರಿಗಂತೂ ನಾನೇ ಕೊಡುತ್ತೇನೆ, ಆ ಅಡುಗೆಮನೆಯ ಸದ್ದಿನ ಹಿಂದೆ ನನ್ನ ಅವ್ವ ನಾಲ್ಕು ಹಗಲು ನಡೆದಿದ್ದಾಳೆ.

ನಾಡಿದ್ದು ಬೆಳಿಗ್ಗೆ ಮೂವರೂ ಬಂದು ನನ್ನೆದುರು ಯಂತ್ರವಿಟ್ಟು ಕೂರುತ್ತಾರೆ. ನಾನು ಸ್ನಾನ ಮಾಡಿ, ಒಗೆದ ಸೀರೆ ಉಟ್ಟು ಹೋಗುತ್ತೇನೆ. ಅವರಿಗೆ ಚಹಾ ಕೊಡುತ್ತೇನೆ, ಸಕ್ಕರೆ ಎಷ್ಟು ಎಂದು ಕೇಳಿಯೇ ಕೊಡುತ್ತೇನೆ. ಆಮೇಲೆ ಮುಷ್ಟಿ ಕಟ್ಟಿ ಕೂರುತ್ತೇನೆ, ಹೆಬ್ಬೆರಳು ಒಳಗೆ. ಉತ್ತರಗುಂಡಿಗೆ ಕಳಿಸುವುದಾದರೆ ಕಳಿಸಲಿ. ಬಂಡಿ ಬೇಡ ಎನ್ನುತ್ತೇನೆ. ದಾರಿ ನಮ್ಮ ಮನೆಯವರಿಗೆ ಗೊತ್ತಿದೆ.

ಕಾಶವ್ವನ ದುಂಡವ್ವ